ಮೂವತ್ತಾರರ ಮಗ್ಗಿ

ಮೊನ್ನೆ ಮೊನ್ನೆಯವರೆಗೂ ನೀಲಿ ಕಲ್ಲಿನ ಹಿಂದೆಯೇ ನಿಂತು ಹೊಡೆದೆ.
ಕೆ.ಜಿ.ಎಫ್.ನ ಈ ಬೋಳು ಬಯಲು,
ಬೆನ್ನಿಗೆ ಸಯನೈಡ್ ದಿಬ್ಬ, ಮುಂದೆ ಜಾಲಿ,
ಇಲ್ಲಿ ಗ್ರೀನ್ ಅಂದರೂ ಕಂದೇ:
ಎಣ್ಣೆ ಕಲಸಿ ತಟ್ಟಿದ ಮರಳು.

ಗಣಿಯಲ್ಲಿ ಸರ್ವೇಯರ್ ನಾನು.
ನೆಲದಡಿಯ ಕತ್ತಲಿಗೆ ಸರಪಳಿ ಹಿಡಿದು
ಇಷ್ಟು ಅಡಿ, ಇಷ್ಟು ಅಂಗುಲ ಎಂದು ಬರೆದುಕೊಟ್ಟವನು.
ಗೇಣು ತಪ್ಪಿದರೂ ಆ ಕಡೆಯಿಂದ ಕೊರೆದ ಸುರಂಗ
ಈ ಕಡೆಯದನ್ನು ಕಾಣದೆ ಹಾದುಹೋದೀತು.
ಅಂಥವನು
ನನ್ನ ಹೊಡೆತವನ್ನು ಮಾತ್ರ ಒಂದು ದಿನವೂ ಅಳೆಯಲಿಲ್ಲ.

ಮೊದಲ ಕುಳಿಗೆ ನಾನೂರ ಮೂವತ್ತು ಗಜ.
ನನ್ನ ಡ್ರೈವರ್ ಹೋಗುವುದು ನೂರ ತೊಂಬತ್ತು,
ಅದೂ ಗಾಳಿ ಮನಸ್ಸು ಮಾಡಿದರೆ.
ಆಮೇಲೆ ಮೂರನೇ ವುಡ್, ಮತ್ತೆ ಮೂರನೇ ವುಡ್,
ನಡುವೆ ಲಂಟಾನ, ಮಳೆ ಕೊರೆದ ಕೊರಕಲು,
ಚೆಂಡಿಗಾಗಿ ಬಗ್ಗಿ ಬಗ್ಗಿ ಸೊಂಟದ ಪಾಡು.
ಕಾರ್ಡಿನಲ್ಲಿ ಏಳು. ಕೆಲವೊಮ್ಮೆ ಎಂಟು.
ಹಳದಿ ಕಲ್ಲಿನಿಂದ ಆಡುವ ಫಿಲೋಮಿನಾ ಟೀಚರ್
ಐದು ಬರೆದು, ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಹೀರುತ್ತ
ನಮಗಾಗಿ ಕಾಯುತ್ತಿದ್ದರು.
'ಅದು ಹೆಂಗಸರ ಕಲ್ಲು' ಎನ್ನುತ್ತಿದ್ದರು ಡಾಕ್ಟರ್ ವೆಂಕಟಸ್ವಾಮಿ.
ಅವರದೂ ಎಂಟೇ.

ಆ ದಿನ ಕ್ಯಾಡಿ ಅಮಲದಾಸ್ ಕೇಳಿದ,
'ಸಾರ್, ನಿಮ್ಮ ಐದನೇ ಐರನ್ ಎಷ್ಟು ಹೋಯ್ತದೆ?'
'ನೂರ ಅರವತ್ತು.'
ಎಲ್ಲೋ ತೇನೆಹಕ್ಕಿ ಕಿರುಚಿಕೊಂಡಿತು.
'ಹೊಡೀರಿ ನೋಡಾಣ.'
ಹತ್ತು ಚೆಂಡು ಹೊಡೆದೆ. ಅವನು ಹೆಜ್ಜೆ ಹಾಕುತ್ತ ಹೋದ,
ತುಟಿ ಅಲ್ಲಾಡಿಸುತ್ತ, ಒಂದೇ ಅಳತೆಯ ಹೆಜ್ಜೆ.
ನಾನು ನೋಡುತ್ತ ನಿಂತೆ:
ಪಾತಾಳದಲ್ಲಿ ನನ್ನ ಸರಪಳಿಯ ಆ ತುದಿ ಹಿಡಿದು
ಹೀಗೇ ಕತ್ತಲೊಳಗೆ ನಡೆದುಹೋಗುತ್ತಿದ್ದ ಇವನಪ್ಪ, ಚಿನ್ನಪ್ಪನ್,
'ಬಿಗಿ ಆಯ್ತಾ ಸಾರ್?' ಎಂದು ದೀಪ ಆಡಿಸುತ್ತಿದ್ದ.

ಅಮಲದಾಸ್ ಕೈ ಎತ್ತಿದ.
ನೂರ ಮೂವತ್ತೈದು.

'ಮೂವತ್ತಾರರಿಂದ ಗುಣಿಸ್ರಿ' ಎಂದ.
ಅಂಗೈ ಮೇಲೆ ಗುಣಿಸಿದೆ: ನಾಲ್ಕು ಸಾವಿರದ ಎಂಟುನೂರ ಅರವತ್ತು.
ಒಂಬತ್ತು ಕುಳಿ ಎರಡು ಸಲ ಸುತ್ತಿದರೆ
ನೀಲಿಯಿಂದ ಆರು ಸಾವಿರದ ಇನ್ನೂರು ಗಜ.
ಹಳದಿಯಿಂದ ನಾಲ್ಕು ಸಾವಿರದ ಒಂಬೈನೂರು.
ಅವನು ಇನ್ನೇನೂ ಹೇಳಲಿಲ್ಲ.
ಚೀಲವನ್ನು ಹಳದಿ ಕಲ್ಲಿನ ಪಕ್ಕ ಇಳಿಸಿ
ಬೀಡಿ ಹಚ್ಚಿದ.

ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.
ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರು
ಕಾಲು ಇದ್ದಷ್ಟು ಹಾಸಿಗೆ ಹಾಸಿಕೋ
ಎಂದು ಯಾಕೆ ಹೇಳಲಿಲ್ಲ?

ಹೊಡೆದೆ. ನೂರ ತೊಂಬತ್ತು.
ಉಳಿದದ್ದು ನೂರ ಮೂವತ್ತೈದು, ಗುಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ.
ಚೀಲದಲ್ಲಿ ಇಷ್ಟು ವರ್ಷ ಸುಮ್ಮನೆ ಹೊರಿಸಿಕೊಂಡು ಬಂದಿದ್ದ
ಐದನೇ ಐರನ್ ಹೊರಗೆ ಬಂತು.
ಎಣ್ಣೆ ಮರಳಿನ ಮೇಲೆ ಚೆಂಡು ಕೂತ ಸದ್ದು,
ಒದ್ದೆ ಬಟ್ಟೆ ಕಲ್ಲಿಗೆ ಬಿದ್ದ ಹಾಗೆ,
ಎರಡನೇ ಹೊಡೆತಕ್ಕೆ ಆ ಸದ್ದು
ನಾನು ಕೇಳಿದ್ದು ಅದೇ ಮೊದಲು.
(ಮೂರು ಪಟ್ ತಗೊಂಡು ಐದೇ ಆಯಿತು. ಆ ಮಾತು ಬೇರೆ.)

ಕೂಲಿ ಕೊಡುವಾಗ ತಮಾಷೆಗೆಂದೆ,
'ಇವತ್ತು ನಡೆದದ್ದು ಕಮ್ಮಿ, ಅಲ್ವೇನೋ?'
'ಹುಡುಕಿದ್ದೂ ಕಮ್ಮಿ ಸಾರ್' ಎಂದು
ಅಷ್ಟೂ ಎಣಿಸಿ ಜೇಬಿಗಿಟ್ಟ.

ನೀಲಿ ಕಲ್ಲಿನ ಬುಡದಲ್ಲಿ ತೇನೆಹಕ್ಕಿ ಮೊಟ್ಟೆ ಇಟ್ಟಿದೆ,
ಅದಕ್ಕೇ ಆ ಕಡೆ ಹೋಗುತ್ತಿಲ್ಲ
ಎಂದು ಡಾಕ್ಟರಿಗೆ ಹೇಳಿದ್ದೇನೆ.
ಇಟ್ಟದ್ದು ನಿಜ.
ಮರಿಗಳು ಓಡಿಹೋಗಿ
ಎರಡು ತಿಂಗಳಾಯಿತು.